ಪರಿವೀಕ್ಷಣಾಧಿಕಾರಿಯ ಕಚೇರಿಯಲ್ಲಿ ಸಹಾಯಕರ ಕೆಲಸ: ಹೊಸದಾಗಿ ಸೇರಿದವರಿಗೆ ಒಂದು ಮಾರ್ಗದರ್ಶಿ

ಕರ್ನಾಟಕದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳಲ್ಲಿ ಪರಿವೀಕ್ಷಣಾಧಿಕಾರಿಗೆ (ಪ್ರೊಬೇಷನ್ ಆಫೀಸರ್) ನೆರವಾಗುವ ಸಹಾಯಕ ಕಂ ಡಾಟಾ ಎಂಟ್ರಿ ಆಪರೇಟರ್ ಎಂಬ ಹುದ್ದೆಯೊಂದಿದೆ. ಪಿಯುಸಿ ಮತ್ತು ಕಂಪ್ಯೂಟರ್ ತರಬೇತಿಯ ಪ್ರಮಾಣಪತ್ರದ ಆಧಾರದ ಮೇಲೆ ಗುತ್ತಿಗೆಯಲ್ಲಿ ಈ ಹುದ್ದೆಗೆ ಬರುವವರಿಗೆ ಕೆಲಸದ ಸ್ವರೂಪವನ್ನು ಕೂರಿಸಿ ಹೇಳಿಕೊಡುವವರು ವಿರಳ. ಟಪಾಲು ತೆಗೆದುಕೊಳ್ಳುವುದು, ಟೈಪ್ ಮಾಡುವುದು, ಪೋರ್ಟಲ್‌ಗೆ ಮಾಹಿತಿ ತುಂಬುವುದು, ಇಷ್ಟೇ ಎಂದು ಮೊದಲ ವಾರದಲ್ಲಿ ಅನ್ನಿಸಬಹುದು. ಆದರೆ ಬಾಲನ್ಯಾಯ ಮಂಡಳಿಗೆ ಹೋಗಬೇಕಾದ ವರದಿಯೊಂದು ಈ ಮೇಜಿನ ಮೇಲೆ ಎರಡು ದಿನ ಉಳಿದುಬಿಟ್ಟರೆ ಅದು ಆ ಬಾರಿಯ ಕಲಾಪಕ್ಕೆ ತಪ್ಪಿ, ಮುಂದಿನ ದಿನಾಂಕದವರೆಗೆ ಒಬ್ಬ ಹುಡುಗ ವೀಕ್ಷಣಾಲಯದಲ್ಲೇ (ವಿಚಾರಣೆ ನಡೆಯುವಾಗ ಮಕ್ಕಳನ್ನು ಇರಿಸುವ ಗೃಹ) ಉಳಿಯಬೇಕಾಗುತ್ತದೆ. ಮಗುವನ್ನು ಭೇಟಿಯಾಗುವುದು, ಮನೆಗೆ ಹೋಗಿ ವಿಚಾರಿಸುವುದು, ಶಿಫಾರಸು ಬರೆಯುವುದು ಪರಿವೀಕ್ಷಣಾಧಿಕಾರಿಯ ಹೊಣೆ. ಆ ಕೆಲಸ ಕಾನೂನು ಹೇಳಿದ ದಿನದೊಳಗೆ ನಡೆಯುವಂತೆ ಮತ್ತು ಮಗುವಿನ ಹೆಸರು ಹೊರಗೆ ಹೋಗದಂತೆ ಕಾಯುವುದು ಸಹಾಯಕರ ಹೊಣೆ. ದಿನಾಂಕ ಮತ್ತು ಗೌಪ್ಯತೆ ಎಂಬ ಈ ಎರಡು ವಿಷಯಗಳಲ್ಲಿ ಗಟ್ಟಿಯಾಗಿರುವ ಸಹಾಯಕರು ಟೈಪಿಂಗ್‌ನಲ್ಲಿ ನಿಧಾನವಾಗಿದ್ದರೂ ಕಚೇರಿ ನಡೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು: ಯಾರು ಯಾರಿಗೆ ಬರೆಯುತ್ತಾರೆ ಎಂಬುದನ್ನು ತಿಳಿಯಿರಿ

ಈ ಕೆಲಸದ ಮೂಲ ಕಾನೂನು ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015. ಇದು 2016ರ ಜನವರಿ 15ರಿಂದ ಜಾರಿಯಲ್ಲಿದೆ. 2021ರಲ್ಲಿ ಇದಕ್ಕೆ ತಿದ್ದುಪಡಿಯಾಗಿದೆ. ಕಾಯ್ದೆಯ ಜೊತೆಗೆ 2016ರ ಮಾದರಿ ನಿಯಮಗಳನ್ನೂ ಅವುಗಳ ಕೊನೆಯಲ್ಲಿರುವ ನಮೂನೆಗಳನ್ನೂ ಮುದ್ರಿಸಿ, ನಿಮ್ಮ ರಾಜ್ಯದ ನಿಯಮಗಳು ಮತ್ತು ಸುತ್ತೋಲೆಗಳೊಂದಿಗೆ ಮೇಜಿನ ಬಳಿ ಇಟ್ಟುಕೊಳ್ಳಿ.

ಕಾಯ್ದೆ ಮಕ್ಕಳ ಪ್ರಕರಣಗಳನ್ನು ಎರಡು ದಾರಿಗಳಲ್ಲಿ ಸಾಗಿಸುತ್ತದೆ. ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗುತ್ತದೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳ ವಿಷಯ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಮಂಡಳಿಯಲ್ಲಿ ಪ್ರಧಾನ ದಂಡಾಧಿಕಾರಿಯೊಂದಿಗೆ ಇಬ್ಬರು ಸಮಾಜ ಕಾರ್ಯಕರ್ತ ಸದಸ್ಯರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಎರಡೂ ಕಡೆಯ ಪತ್ರಗಳು ನಿಮ್ಮ ಘಟಕಕ್ಕೇ ಬರುವುದರಿಂದ ಅವುಗಳಿಗೆ ಬೇರೆ ಬೇರೆ ವಹಿ, ಬೇರೆ ಬೇರೆ ಬಣ್ಣದ ಕಡತ ಇರಲಿ. ಮಗುವಿನ ಮನೆ, ಓದು, ಹಿನ್ನೆಲೆಗಳನ್ನು ವಿಚಾರಿಸಿ ಅಧಿಕಾರಿ ಸಿದ್ಧಪಡಿಸುವ ಸಾಮಾಜಿಕ ತನಿಖಾ ವರದಿಯ ನಮೂನೆಯೂ ಎರಡಕ್ಕೂ ಬೇರೆಯೇ: ಮಂಡಳಿಗೆ ಹೋಗುವುದು ನಮೂನೆ 6, ಸಮಿತಿಗೆ ಹೋಗುವುದು ನಮೂನೆ 22. ಎರಡನ್ನು ಅದಲು ಬದಲು ಮಾಡಿ ಕಳುಹಿಸಿದ ವರದಿ ಹಿಂದಿರುಗಿ ಬರುತ್ತದೆ, ಮತ್ತು ಅಷ್ಟು ದಿನಗಳು ಮಗುವಿನ ಲೆಕ್ಕದಿಂದ ಕಳೆದುಹೋಗುತ್ತವೆ.

ಠಾಣೆಯ ಕಡೆಯಿಂದ ನಿಮಗೆ ಬರೆಯುವವರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ. ಘೋರ ಸ್ವರೂಪದ ಆರೋಪ ಅಥವಾ ವಯಸ್ಕರ ಜೊತೆಗೂಡಿ ಮಾಡಿದ ಕೃತ್ಯದ ಆರೋಪ ಇದ್ದಲ್ಲಿ ಮಾತ್ರ ಪ್ರಥಮ ವರ್ತಮಾನ ವರದಿ ದಾಖಲಾಗುತ್ತದೆ; ಉಳಿದವುಗಳಲ್ಲಿ ಠಾಣೆಯ ದಿನಚರಿಯಲ್ಲಿ ನಮೂದಿಸಿ, ನಮೂನೆ 1ರಲ್ಲಿ ಸಾಮಾಜಿಕ ಹಿನ್ನೆಲೆ ವರದಿಯನ್ನು ಮಂಡಳಿಗೆ ಕಳುಹಿಸಬೇಕು. ಆದ್ದರಿಂದ ಪ್ರತಿ ಕಡತದಲ್ಲೂ ಅಪರಾಧ ಸಂಖ್ಯೆ ಇರಲೇಬೇಕೆಂದು ಠಾಣೆಗೆ ಪದೇ ಪದೇ ಪತ್ರ ಬರೆಯಬೇಡಿ. ಆ ಜಾಗದಲ್ಲಿ ದಿನಚರಿಯ ನಮೂದಿನ ಸಂಖ್ಯೆ ಮತ್ತು ದಿನಾಂಕ ಬರೆದುಕೊಂಡರೆ ಸಾಕು.

ಕೆಲವು ಕಚೇರಿಗಳಿಗೆ ವಯಸ್ಕರ ಕುರಿತು ನ್ಯಾಯಾಲಯಗಳು ಕೇಳುವ ವರದಿಗಳೂ ಬರುತ್ತವೆ. ಅವು ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, 1958ರ ಅಡಿಯಲ್ಲಿ ಬರುವಂಥವು. ಅವುಗಳ ವಹಿಯನ್ನು ಮಕ್ಕಳ ವಹಿಯೊಂದಿಗೆ ಎಂದಿಗೂ ಸೇರಿಸಬೇಡಿ.

ಪತ್ರ ಬಂದ ದಿನವೇ ಮಾಡಬೇಕಾದ ಕೆಲಸ

ಮಂಡಳಿಯ ಪತ್ರ ಮುದ್ದಾಂ (ಸಿಬ್ಬಂದಿಯ ಕೈಯಲ್ಲೇ ಕಳುಹಿಸುವ ಟಪಾಲು) ಮೂಲಕ ಬರಲಿ, ಇ-ಮೇಲ್‌ನಲ್ಲಿ ಬರಲಿ, ಅಧಿಕಾರಿ ಕಲಾಪ ಮುಗಿಸಿ ಕೈಯಲ್ಲೇ ತರಲಿ, ಅದನ್ನು ಮೊದಲು ಸ್ವೀಕೃತಿ ವಹಿಯಲ್ಲಿ ನಮೂದಿಸಿ. ಸ್ವೀಕರಿಸಿದ ದಿನಾಂಕದ ಮೊಹರು ಒತ್ತಿ, ಪಕ್ಕದಲ್ಲಿ ಸಮಯವನ್ನೂ ಬರೆಯಿರಿ. ಅಧಿಕಾರಿ ಪ್ರವಾಸದಲ್ಲಿದ್ದರೆ ಪತ್ರವನ್ನು ಅವರ ಮೇಜಿನ ಮೇಲಿಟ್ಟು ಸುಮ್ಮನಾಗಬೇಡಿ. ಫೋನ್ ಮಾಡಿ, ಮಗುವಿನ ಹೆಸರು ಹೇಳದೆ, ಪ್ರಕರಣ ಸಂಖ್ಯೆ ಮತ್ತು ವರದಿಯ ಕೊನೆಯ ದಿನಾಂಕ ತಿಳಿಸಿ. ಬೆಳಿಗ್ಗೆ ಬಂದ ಪತ್ರದ ವಿಷಯ ಮಧ್ಯಾಹ್ನದೊಳಗೆ ತಿಳಿದರೆ, ಆ ತಾಲ್ಲೂಕಿನಲ್ಲೇ ಇರುವ ಅಧಿಕಾರಿ ಹಿಂದಿರುಗುವಾಗ ಮಗುವಿನ ಮನೆಗೂ ಹೋಗಿಬರಬಹುದು. ದೊಡ್ಡ ಜಿಲ್ಲೆಗಳಲ್ಲಿ ಇದರಿಂದ ಒಂದು ಇಡೀ ದಿನದ ಓಡಾಟ ಉಳಿಯುತ್ತದೆ.

ಅದೇ ದಿನ ನೋಡಬೇಕಾದ ಇನ್ನೊಂದು ಸಂಗತಿ ಮಗುವಿನ ವಾಸಸ್ಥಳ. ಬೆಂಗಳೂರಿನ ಮಂಡಳಿಯ ಮುಂದೆ ಹಾಜರಾದ ಹುಡುಗನ ತಂದೆತಾಯಿ ರಾಯಚೂರಿನ ಹಳ್ಳಿಯಲ್ಲಿರಬಹುದು, ಅಥವಾ ಬೇರೆ ರಾಜ್ಯದಲ್ಲಿರಬಹುದು. ಹಾಗಿದ್ದಲ್ಲಿ ಆ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕಕ್ಕೆ ಮನೆಭೇಟಿ ವರದಿ ಕೋರುವ ಪತ್ರದ ಕರಡನ್ನು ಅಂದೇ ಸಿದ್ಧಪಡಿಸಿ ಸಹಿಗೆ ಮಂಡಿಸಿ. ಪತ್ರದಲ್ಲಿ ವರದಿ ಬೇಕಾದ ದಿನಾಂಕವನ್ನು ಸ್ಪಷ್ಟವಾಗಿ ಬರೆಯಿರಿ. ‘ಆದಷ್ಟು ಬೇಗನೆ’ ಎಂಬ ಮಾತಿನಿಂದ ಯಾವ ಕಚೇರಿಯಲ್ಲೂ ಕಡತ ಮುಂದೆ ಹೋಗುವುದಿಲ್ಲ. ಪತ್ರ ತಲುಪಿದ ಮೇಲೆ ಅಲ್ಲಿನ ಸಹಾಯಕರಿಗೆ ಒಂದು ಫೋನ್ ಮಾಡಿ. ಮಗು ಮಾತನಾಡುವ ಭಾಷೆ ಯಾವುದು ಎಂಬುದನ್ನೂ ಕಡತದ ಮೊದಲ ಪುಟದಲ್ಲೇ ಬರೆದಿಡಿ. ಹಿಂದಿ, ತೆಲುಗು, ಲಂಬಾಣಿ ಮಾತನಾಡುವ ಮಗುವಿನೊಡನೆ ಮಾತನಾಡಲು ಅಧಿಕಾರಿಗೆ ನೆರವು ಬೇಕಾಗುತ್ತದೆ ಎಂಬುದು ಭೇಟಿಯ ದಿನ ತಿಳಿದರೆ ಆ ಭೇಟಿ ವ್ಯರ್ಥ.

ದಿನಾಂಕಗಳ ವಹಿ

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಪುಸ್ತಕ ಇನ್ನೊಂದಿಲ್ಲ. ಪೋರ್ಟಲ್‌ನಲ್ಲಿ ಎಲ್ಲವೂ ಇದೆಯಲ್ಲ ಎಂದು ಯಾರಾದರೂ ಹೇಳಿದರೂ, ಕೈಬರಹದ ಒಂದು ದಪ್ಪ ನೋಟ್‌ಬುಕ್ ಅಥವಾ ಪಾಸ್‌ವರ್ಡ್ ಇರುವ ಒಂದು ಎಕ್ಸೆಲ್ ಹಾಳೆ ನಿಮ್ಮದೇ ಆಗಿ ಇರಲಿ.

ಮೊದಲು ಗಮನಿಸಬೇಕಾದದ್ದು ಎಣಿಕೆ ಎಲ್ಲಿಂದ ಶುರುವಾಗುತ್ತದೆ ಎಂಬುದು. ಅನೇಕ ಕಚೇರಿಗಳಲ್ಲಿ ಪತ್ರ ತಲುಪಿದ ದಿನದಿಂದ ಎಣಿಸುವ ಅಭ್ಯಾಸವಿದೆ. ಕಾಯ್ದೆಯ ಕಲಂ 8ರ ಪ್ರಕಾರ ಸಾಮಾಜಿಕ ತನಿಖಾ ವರದಿ ಮಂಡಳಿಯ ಮುಂದೆ ಮಗುವಿನ ಮೊದಲ ಹಾಜರಿಯ ದಿನದಿಂದ ಹದಿನೈದು ದಿನಗಳೊಳಗೆ ಸಲ್ಲಿಕೆಯಾಗಬೇಕು. ಕಲಂ 13 ಎರಡು ವಾರ ಎನ್ನುತ್ತದೆ. ಎರಡರಲ್ಲಿ ಹತ್ತಿರದ ದಿನವನ್ನೇ ಹಿಡಿಯುವುದು ಕ್ಷೇಮ. ಮಾರ್ಚ್ 3ರಂದು ಮಗು ಮಂಡಳಿಯ ಮುಂದೆ ಹಾಜರಾಗಿ, ಪತ್ರ ನಿಮ್ಮ ಕೈಗೆ ಮಾರ್ಚ್ 9ರಂದು ಬಂದಿತು ಎಂದುಕೊಳ್ಳೋಣ. ಪತ್ರ ಬಂದ ದಿನದಿಂದ ಎಣಿಸಿದವರು ಮಾರ್ಚ್ 24ರವರೆಗೆ ಸಮಯವಿದೆ ಎಂದು ನೆಮ್ಮದಿಯಾಗಿರುತ್ತಾರೆ. ನಿಜವಾದ ಕೊನೆಯ ದಿನ ಮಾರ್ಚ್ 17. ಉಳಿದಿರುವುದು ಎಂಟೇ ದಿನ, ಅದರಲ್ಲಿ ಒಂದು ಭಾನುವಾರವಂತೂ ಇದ್ದೇ ಇರುತ್ತದೆ. ಆದ್ದರಿಂದ ವಹಿಯ ಮೊದಲ ಅಂಕಣದಲ್ಲಿ ‘ಮೊದಲ ಹಾಜರಿಯ ದಿನಾಂಕ’ ಇರಲಿ, ‘ಪತ್ರ ಸ್ವೀಕರಿಸಿದ ದಿನಾಂಕ’ ಅದರ ನಂತರ ಬರಲಿ. ಪತ್ರದಲ್ಲಿ ಮೊದಲ ಹಾಜರಿಯ ದಿನಾಂಕ ನಮೂದಾಗಿಲ್ಲದಿದ್ದರೆ ಮಂಡಳಿಯ ಕಚೇರಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ.

ಅದೇ ದಿನಾಂಕದಿಂದ ಇನ್ನೂ ಎರಡು ಗಡುವುಗಳು ಹುಟ್ಟುತ್ತವೆ. ಮಂಡಳಿಯ ವಿಚಾರಣೆ ಮೊದಲ ಹಾಜರಿಯಿಂದ ನಾಲ್ಕು ತಿಂಗಳೊಳಗೆ ಮುಗಿಯಬೇಕು. ಕಾರಣ ದಾಖಲಿಸಿ ಗರಿಷ್ಠ ಎರಡು ತಿಂಗಳು ವಿಸ್ತರಿಸಬಹುದು. ಸಣ್ಣ ಸ್ವರೂಪದ ಕೃತ್ಯಗಳ ವಿಚಾರಣೆ ಆ ವಿಸ್ತರಿತ ಅವಧಿಯಲ್ಲೂ ಮುಗಿಯದಿದ್ದರೆ ಕಲಾಪವೇ ಕೊನೆಗೊಳ್ಳುತ್ತದೆ. ಹದಿನಾರು ವರ್ಷ ತುಂಬಿದ ಮಗುವಿನ ಮೇಲೆ ಘೋರ ಕೃತ್ಯದ ಆರೋಪವಿದ್ದಾಗ ಅವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಬೇಕೇ ಎಂದು ನೋಡುವ ಕಲಂ 15ರ ಪ್ರಾಥಮಿಕ ಮೌಲ್ಯಮಾಪನ ಮೂರು ತಿಂಗಳೊಳಗೆ ಆಗಬೇಕು. ಈ ಗಡುವುಗಳನ್ನು ಪಾಲಿಸಬೇಕಾದದ್ದು ಮಂಡಳಿ, ನೀವಲ್ಲ ಎಂಬುದು ನಿಜವೇ. ಆದರೂ ಮೂರು ತಿಂಗಳು ತುಂಬುವ ಪ್ರಕರಣಗಳ ಪಟ್ಟಿಯನ್ನು ಪ್ರತಿ ತಿಂಗಳ ಮೊದಲ ವಾರದಲ್ಲಿ ಅಧಿಕಾರಿಯ ಮುಂದಿಟ್ಟರೆ, ಬಾಕಿ ಉಳಿದ ವರದಿಯ ಕಾರಣಕ್ಕೆ ವಿಚಾರಣೆ ನಿಂತಿದೆಯೇ ಎಂದು ಅವರು ನೋಡಿಕೊಳ್ಳುತ್ತಾರೆ. ಮುಖ್ಯ ನ್ಯಾಯಿಕ ದಂಡಾಧಿಕಾರಿಯವರು ಮಂಡಳಿಯ ಬಾಕಿ ಪ್ರಕರಣಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸಬೇಕೆಂದು ಕಲಂ 16 ಹೇಳುವುದರಿಂದ ಆ ಪಟ್ಟಿ ಆಗಲೂ ಒದಗುತ್ತದೆ.

ಹೆಚ್ಚಿನವರ ಕಣ್ಣು ತಪ್ಪುವ ಗಡುವು ಇನ್ನೊಂದಿದೆ, ಅದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಮಂಡಳಿ ಜಾಮೀನು ಆದೇಶ ಮಾಡಿದ ಮೇಲೂ ಷರತ್ತು ಪೂರೈಸಲಾಗದೆ ಮಗು ವೀಕ್ಷಣಾಲಯದಲ್ಲೇ ಉಳಿಯುವುದುಂಟು: ಜಾಮೀನುದಾರರು ಸಿಗುವುದಿಲ್ಲ, ಪಹಣಿ ಇರುವ ಸಂಬಂಧಿಕರು ಊರಿನಿಂದ ಬರುವುದಿಲ್ಲ, ಅಥವಾ ತಾಯಿಗೆ ಆದೇಶವಾಗಿದೆ ಎಂಬುದೇ ತಿಳಿದಿರುವುದಿಲ್ಲ. ಹೀಗೆ ಏಳು ದಿನಗಳೊಳಗೆ ಷರತ್ತು ಪೂರೈಸಲಾಗದ ಮಗುವನ್ನು, ಷರತ್ತುಗಳನ್ನು ಮಾರ್ಪಡಿಸುವ ಸಲುವಾಗಿ ಮತ್ತೆ ಮಂಡಳಿಯ ಮುಂದೆ ಹಾಜರುಪಡಿಸಬೇಕೆಂದು ಕಲಂ 12 ಹೇಳುತ್ತದೆ. ಈ ಅವಕಾಶ ಕಾಗದದ ಮೇಲಷ್ಟೇ ಉಳಿಯಬಾರದೆಂದರೆ ಯಾರಾದರೂ ಏಳು ದಿನ ಎಣಿಸುತ್ತಿರಬೇಕು. ವಹಿಯಲ್ಲಿ ‘ಜಾಮೀನು ಆದೇಶ’, ‘ಏಳನೆಯ ದಿನ’, ‘ಬಿಡುಗಡೆ’ ಎಂಬ ಮೂರು ಅಂಕಣಗಳನ್ನು ಎಳೆಯಿರಿ. ಐದನೆಯ ದಿನ ವೀಕ್ಷಣಾಲಯದ ಅಧೀಕ್ಷಕರ ಕಚೇರಿಗೆ ಫೋನ್ ಮಾಡಿ ಮಗು ಬಿಡುಗಡೆಯಾಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಅಂದೇ ಅಧಿಕಾರಿಗೆ ಟಿಪ್ಪಣಿ ಮಂಡಿಸಿ. ಇಡೀ ಹುದ್ದೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ದೊಡ್ಡ ಫಲ ಕೊಡುವ ಕೆಲಸ ಇನ್ನೊಂದನ್ನು ನಾನು ಕಂಡಿಲ್ಲ.

ಕಡತ ಕಟ್ಟುವ ಕ್ರಮ

ಪ್ರತಿ ಮಗುವಿಗೆ ಒಂದೇ ಕಡತ. ಹೊರಮೈಯಲ್ಲಿ ಘಟಕದ ಕಡತ ಸಂಖ್ಯೆ ಮತ್ತು ಮಂಡಳಿಯ ಪ್ರಕರಣ ಸಂಖ್ಯೆ ಮಾತ್ರ ಇರಬೇಕು, ಹೆಸರು ಇರಬಾರದು. ಒಳಗೆ ಮೊದಲಿಗೆ ಒಂದು ಸಾರಾಂಶದ ಹಾಳೆ: ಮೊದಲ ಹಾಜರಿ, ವರದಿಯ ಗಡುವು, ಮುಂದಿನ ಕಲಾಪದ ದಿನಾಂಕ, ಪೋಷಕರ ಫೋನ್ ಸಂಖ್ಯೆ, ಭಾಷೆ. ಅದರ ನಂತರ ಮಂಡಳಿಯ ಆದೇಶಗಳು, ಸಾಮಾಜಿಕ ಹಿನ್ನೆಲೆ ವರದಿ, ಸಾಮಾಜಿಕ ತನಿಖಾ ವರದಿ, ನಮೂನೆ 7ರ ವೈಯಕ್ತಿಕ ಪಾಲನಾ ಯೋಜನೆ, ವಯಸ್ಸಿನ ದಾಖಲೆ, ಪತ್ರವ್ಯವಹಾರ. ಟಿಪ್ಪಣಿ ಪುಟಗಳು ಮತ್ತು ಪತ್ರವ್ಯವಹಾರದ ಪುಟಗಳಿಗೆ ಬೇರೆ ಬೇರೆ ಪುಟಸಂಖ್ಯೆ ಹಾಕಿ. ಇ-ಆಫೀಸ್‌ನಲ್ಲಿ ಕಡತ ನಡೆಯುವ ಕಡೆಗಳಲ್ಲಿ ವಿಷಯದ ಸಾಲಿನಲ್ಲೂ ಮಗುವಿನ ಹೆಸರು ಬರೆಯಬಾರದು, ಏಕೆಂದರೆ ಆ ಸಾಲು ಕಡತ ಹಾದುಹೋಗುವ ಪ್ರತಿಯೊಬ್ಬರ ಪರದೆಯ ಮೇಲೂ ಕಾಣಿಸುತ್ತದೆ.

ವಯಸ್ಸಿನ ದಾಖಲೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಕಲಂ 94ರ ಪ್ರಕಾರ ಮೊದಲ ಆದ್ಯತೆ ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರಕ್ಕೆ ಅಥವಾ ಪರೀಕ್ಷಾ ಮಂಡಳಿ ಕೊಟ್ಟ ಎಸ್‌ಎಸ್‌ಎಲ್‌ಸಿಯಂಥ ಪ್ರಮಾಣಪತ್ರಕ್ಕೆ. ಅದಿಲ್ಲದಿದ್ದರೆ ಪುರಸಭೆ, ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ಆದೇಶದಿಂದ ಹದಿನೈದು ದಿನಗಳೊಳಗೆ ಅದೂ ಮುಗಿಯಬೇಕು. ಪೋಷಕರು ಮೊದಲು ಕೈಗೆ ಕೊಡುವುದು ಆಧಾರ್ ಪ್ರತಿಯನ್ನು, ಮತ್ತು ಬಹಳಷ್ಟು ಕಡತಗಳಲ್ಲಿ ಅದೊಂದೇ ಇರುತ್ತದೆ. ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2024ರ ತೀರ್ಪೊಂದರಲ್ಲಿಯೂ ಹೇಳಿದೆ. ಆದ್ದರಿಂದ ಶಾಲೆಯ ದಾಖಲಾತಿ ವಹಿಯ ದೃಢೀಕೃತ ಪ್ರತಿ ಕೋರುವ ಪತ್ರವನ್ನು ಬೇಗ ಸಿದ್ಧಪಡಿಸಿ.

ಆ ಪತ್ರದ ಒಕ್ಕಣೆ ಮಾತ್ರ ಬಹಳ ಯೋಚಿಸಿ ಬರೆಯಬೇಕಾದದ್ದು. ‘ಪ್ರಕರಣಕ್ಕೆ ಸಂಬಂಧಿಸಿದಂತೆ’ ಎಂಬ ಒಂದೇ ಮಾತು ಮುಖ್ಯೋಪಾಧ್ಯಾಯರ ಕೊಠಡಿಯಿಂದ ತರಗತಿಯವರೆಗೆ ಹೋಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಮಕ್ಕಳ ರಕ್ಷಣಾ ಘಟಕ ಪ್ರಾಯೋಜಕತ್ವದಂಥ ನೆರವಿನ ಯೋಜನೆಗಳಿಗೂ ಶಾಲಾ ದಾಖಲೆ ಕೇಳುವ ಕಚೇರಿಯಾದ್ದರಿಂದ, ‘ಕಚೇರಿಯ ದಾಖಲೆಗಾಗಿ ಅಗತ್ಯವಿರುತ್ತದೆ’ ಎಂದಷ್ಟೇ ಬರೆದರೆ ಸುಳ್ಳೂ ಆಗುವುದಿಲ್ಲ, ಮಗುವಿನ ಗುಟ್ಟೂ ಹೋಗುವುದಿಲ್ಲ. ಮಂಡಳಿಯ ಪ್ರಕರಣ ಸಂಖ್ಯೆಯನ್ನು ಉಲ್ಲೇಖದ ಸಾಲಿನಲ್ಲಿ ಹಾಕಬೇಡಿ. ನಿಮ್ಮ ರವಾನೆ ಸಂಖ್ಯೆ ಸಾಕು.

ವರದಿಯನ್ನು ಟೈಪ್ ಮಾಡುವಾಗ

ಅಧಿಕಾರಿ ಮನೆಭೇಟಿಯಿಂದ ತಂದ ಟಿಪ್ಪಣಿಯನ್ನು ನಮೂನೆ 6ಕ್ಕೆ ಇಳಿಸುವ ಕೆಲಸ ಹೆಚ್ಚಾಗಿ ಸಹಾಯಕರದ್ದೇ. ಕುಟುಂಬದ ಸದಸ್ಯರು, ಅವರ ದುಡಿಮೆ, ಮನೆಯೊಳಗಿನ ಸಂಬಂಧ, ಮಗುವಿನ ಓದು, ಶಾಲೆ ಬಿಟ್ಟ ಕಾರಣ, ಗೆಳೆಯರು, ಅಭ್ಯಾಸಗಳು, ದೌರ್ಜನ್ಯಕ್ಕೆ ಒಳಗಾಗಿದ್ದರೆ ಅದರ ವಿವರ, ಕೊನೆಗೆ ಅಧಿಕಾರಿಯ ಶಿಫಾರಸು, ಹೀಗೆ ನಮೂನೆ ಉದ್ದಕ್ಕೆ ಸಾಗುತ್ತದೆ. ಖಾಲಿ ಬಿಟ್ಟ ಅಂಕಣ ಕಂಡರೆ ನೀವೇ ಊಹಿಸಿ ತುಂಬಬೇಡಿ, ಹಿಂದಿನ ವರದಿಯ ಸಾಲುಗಳನ್ನು ನಕಲಿಸಿ ಅಂಟಿಸಬೇಡಿ. ಪೆನ್ಸಿಲ್‌ನಲ್ಲಿ ಗುರುತು ಹಾಕಿ ಅಧಿಕಾರಿಯನ್ನು ಕೇಳಿ. ಹಳೆಯ ವರದಿಯನ್ನೇ ತಿದ್ದಿ ಹೊಸದು ಮಾಡುವ ರೂಢಿ ಇರುವ ಕಡೆ, ಬೇರೊಬ್ಬ ಮಗುವಿನ ತಂದೆಯ ಕುಡಿತದ ಚಟ ಈ ಮಗುವಿನ ತಂದೆಗೆ ಅಂಟಿಕೊಂಡು ಮಂಡಳಿಯ ಮುಂದೆ ಹೋಗುವ ಅಪಾಯವಿದೆ. ಪ್ರತಿ ಬಾರಿಯೂ ಖಾಲಿ ನಮೂನೆಯಿಂದಲೇ ಶುರು ಮಾಡಿ.

ಪದಗಳ ಆಯ್ಕೆ ಇಲ್ಲಿ ಕಾನೂನಿನ ವಿಷಯವೇ ಆಗಿದೆ. ಮಗುವಿಗೆ ಸಂಬಂಧಿಸಿದ ಪ್ರಕ್ರಿಯೆಗಳಲ್ಲಿ ದೂಷಿಸುವಂಥ ಪದಗಳನ್ನು ಬಳಸಬಾರದೆಂಬುದು ಕಾಯ್ದೆಯ ಕಲಂ 3ರಲ್ಲಿರುವ ಮೂಲತತ್ತ್ವಗಳಲ್ಲೊಂದು. ಠಾಣೆಯ ಪತ್ರದಲ್ಲಿ ‘ಆರೋಪಿ’, ‘ಬಾಲಾಪರಾಧಿ’, ‘ದಸ್ತಗಿರಿ’ ಎಂದಿದ್ದರೂ ನಿಮ್ಮ ಪತ್ರದಲ್ಲಿ ‘ಮಗು’, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’, ‘ವಶಕ್ಕೆ ಪಡೆಯಲಾಗಿದೆ’ ಎಂದೇ ಇರಲಿ. ‘ಕಳ್ಳತನ ಮಾಡಿದ್ದಾನೆ’ ಎಂದು ಬರೆಯುವ ಜಾಗದಲ್ಲಿ ‘ಕಳ್ಳತನದ ಆರೋಪವಿದೆ’ ಎಂದು ಬರೆಯಿರಿ. ವಿಚಾರಣೆ ನಡೆಯುತ್ತಿರುವಾಗ ಹದಿನೆಂಟು ತುಂಬಿದವರ ವಿಷಯದಲ್ಲೂ ಇದೇ ಕ್ರಮ, ಏಕೆಂದರೆ ಅವರು ಮಗುವಾಗಿದ್ದಾರೆ ಎಂಬಂತೆಯೇ ವಿಚಾರಣೆ ಮುಂದುವರಿಯಬೇಕೆಂದು ಕಲಂ 5 ಹೇಳುತ್ತದೆ.

ತಾಂತ್ರಿಕವಾದ ಒಂದು ಮಾತು. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತ ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗ ಅಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಸಹಿಯಾದ ಪ್ರತಿಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ರೂಪದಲ್ಲಿ ಕಳುಹಿಸಿ. ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪೋರ್ಟಲ್‌ಗೆ ತುಂಬುವಾಗ ಮಗುವಿನ ಹೆಸರಿನ ಇಂಗ್ಲಿಷ್ ಕಾಗುಣಿತ ಎಲ್ಲ ದಾಖಲೆಗಳಲ್ಲಿ ಒಂದೇ ಇರುವಂತೆ ನೋಡಿಕೊಳ್ಳಿ. ಬೇರೆ ಬೇರೆ ಕಾಗುಣಿತದಲ್ಲಿ ನಮೂದಾದರೆ ಒಂದೇ ಮಗು ಎರಡು ಮಕ್ಕಳಾಗಿ ಲೆಕ್ಕಕ್ಕೆ ಬರುತ್ತದೆ, ಕಾಣೆಯಾದ ಮಕ್ಕಳ ಹುಡುಕಾಟದಲ್ಲೂ ತೊಡಕಾಗುತ್ತದೆ.

ತಂದೆತಾಯಿ ಕಚೇರಿಗೆ ಬಂದಾಗ

ಕಚೇರಿಯೊಳಗೆ ಅವರು ಮೊದಲು ಮಾತನಾಡಿಸುವುದು ನಿಮ್ಮನ್ನೇ. ಹೆಚ್ಚಿನವರು ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿರುತ್ತಾರೆ, ಪೊಲೀಸ್ ಠಾಣೆಗೂ ಈ ಕಚೇರಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿರುವುದಿಲ್ಲ. ‘ಕೂತ್ಕೊಳಿ ಅಮ್ಮ, ನೀರು ಕುಡೀರಿ, ಸಾಹೇಬ್ರು ಹನ್ನೊಂದಕ್ಕೆ ಬರ್ತಾರೆ’ ಎಂದು ಹೇಳಿ ಕುರ್ಚಿ ತೋರಿಸಿ. ಉಳಿದವರು ಓಡಾಡುವ ಜಾಗದಲ್ಲಿ ನಿಲ್ಲಿಸಿ ‘ಯಾವ ಕೇಸಮ್ಮಾ?’ ಎಂದು ಕೇಳಬೇಡಿ. ಪ್ರಕರಣ ಸಂಖ್ಯೆ ಇರುವ ಕಾಗದವನ್ನು ತೋರಿಸಲು ಹೇಳಿ, ಓದಿಕೊಂಡು ಒಳಗೆ ಕಳುಹಿಸಿ.

ಬರಹೇಳುವ ದಿನವನ್ನು ಗೊತ್ತುಪಡಿಸುವಾಗ ಮಂಡಳಿಯ ಕಲಾಪದ ದಿನ ನೋಡಿಕೊಳ್ಳಿ. ಸೋಮವಾರ ನಿಮ್ಮ ಕಚೇರಿಗೆ, ಗುರುವಾರ ಮಂಡಳಿಗೆ ಎಂದು ಎರಡು ಸಲ ಓಡಾಡಿಸುವ ಬದಲು, ಸಾಧ್ಯವಿರುವ ಕಡೆ ಒಂದೇ ದಿನಕ್ಕೆ ಹೊಂದಿಸಿದರೆ ಅವರು ಎರಡೂ ಕಡೆಗೆ ತಪ್ಪದೆ ಬರುತ್ತಾರೆ. ತರಬೇಕಾದ ದಾಖಲೆಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳಿ, ತಿರುಗಿ ಹೇಳಿಸಿಕೊಳ್ಳಿ: ಶಾಲೆಯ ವರ್ಗಾವಣೆ ಪತ್ರ ಅಥವಾ ವ್ಯಾಸಂಗ ಪ್ರಮಾಣಪತ್ರ, ಜನನ ಪ್ರಮಾಣಪತ್ರ, ಪಡಿತರ ಚೀಟಿ. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲ ಎಂದು ಅವರು ಹೇಳಿದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ಸಿಗುತ್ತದೆ ಎಂಬುದನ್ನು ಅಧಿಕಾರಿಯ ಗಮನಕ್ಕೆ ತಂದು, ಅದರ ಕಚೇರಿ ಎಲ್ಲಿದೆ ಎಂದು ತೋರಿಸಿ. ಆದರೆ ‘ಮಗ ಯಾವಾಗ ಬಿಡುಗಡೆಯಾಗ್ತಾನೆ?’ ಎಂಬ ಪ್ರಶ್ನೆಗೆ ನೀವು ಉತ್ತರ ಹೇಳಬೇಡಿ. ಸಮಾಧಾನಕ್ಕೆಂದು ಆಡಿದ ಮಾತನ್ನು ತಾಯಿ ಭರವಸೆ ಎಂದುಕೊಳ್ಳುತ್ತಾಳೆ. ಮುಂದಿನ ದಿನಾಂಕವನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ.

ಗೌಪ್ಯತೆಯನ್ನು ದಿನನಿತ್ಯದ ಅಭ್ಯಾಸವಾಗಿಸಿಕೊಳ್ಳುವುದು

ಮಗುವಿನ ಹೆಸರು, ವಿಳಾಸ, ಶಾಲೆ ಅಥವಾ ಗುರುತು ತಿಳಿಯುವ ಬೇರಾವುದೇ ವಿವರವನ್ನು ಮಾಧ್ಯಮದಲ್ಲಿ ಪ್ರಕಟಿಸುವುದನ್ನು ಕಲಂ 74 ನಿಷೇಧಿಸುತ್ತದೆ. ಉಲ್ಲಂಘಿಸಿದವರಿಗೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಮಂಡಳಿ ಅಥವಾ ಸಮಿತಿಯ ಮುಂದಿರುವ ಮಗುವಿನ ವರದಿಗಳೆಲ್ಲ ಗೌಪ್ಯವೆಂದು ಕಲಂ 99 ಹೇಳುತ್ತದೆ. ಕಲಂಗಳನ್ನು ಬಾಯಿಪಾಠ ಮಾಡಿದವರ ಕಚೇರಿಯಲ್ಲೂ ಮಾಹಿತಿ ಸೋರುವುದುಂಟು, ಏಕೆಂದರೆ ಅದು ಸೋರುವುದು ಬಹಳ ಸಾಮಾನ್ಯವಾದ ದಾರಿಗಳಲ್ಲಿ.

ಮೊದಲನೆಯ ದಾರಿ ವಾಟ್ಸ್‌ಆ್ಯಪ್. ಮಂಡಳಿಯ ಆದೇಶದ ಫೋಟೊ ತೆಗೆದು ಕಚೇರಿಯ ಗುಂಪಿಗೆ ಹಾಕುವುದು ಕ್ಷಣದ ಕೆಲಸ. ಆ ಗುಂಪಿನಲ್ಲಿ ವರ್ಗಾವಣೆಯಾಗಿ ಹೋದವರು, ಕೆಲಸ ಬಿಟ್ಟವರು ಎಲ್ಲರೂ ಇರುತ್ತಾರೆ, ಫೋಟೊ ಅವರೆಲ್ಲರ ಫೋನಿನಲ್ಲಿ ಉಳಿಯುತ್ತದೆ. ಆದೇಶವನ್ನು ಕಚೇರಿಯ ಇ-ಮೇಲ್‌ನಲ್ಲೇ ಕಳುಹಿಸಿ, ಗುಂಪಿನಲ್ಲಿ ‘ಇಂಥ ಸಂಖ್ಯೆಯ ಪ್ರಕರಣದ ಆದೇಶ ಇ-ಮೇಲ್ ಮಾಡಲಾಗಿದೆ’ ಎಂದಷ್ಟೇ ತಿಳಿಸಿ.

ಎರಡನೆಯದು ಹೊರಗಿನ ಜೆರಾಕ್ಸ್ ಅಂಗಡಿ. ಕಚೇರಿಯ ಪ್ರಿಂಟರ್ ಕೆಟ್ಟಾಗ ಪೆನ್‌ಡ್ರೈವ್ ಹಿಡಿದು ಎದುರಿನ ಅಂಗಡಿಗೆ ಹೋದರೆ, ಅಲ್ಲಿನ ಕಂಪ್ಯೂಟರ್‌ನಲ್ಲಿ ವರದಿಯ ಪ್ರತಿ ಉಳಿದುಬಿಡುತ್ತದೆ. ಹಾಳಾದ ಪ್ರತಿಗಳು ಅಂಗಡಿಯ ರದ್ದಿಗೆ ಸೇರಿ, ತಿಂಡಿ ಕಟ್ಟುವ ಕಾಗದವಾಗಿ ಊರಿನಲ್ಲಿ ಓಡಾಡಬಹುದು. ಪ್ರಿಂಟರ್ ಕೆಟ್ಟರೆ ಕಚೇರಿಯ ಇನ್ನೊಂದು ವಿಭಾಗದ ಪ್ರಿಂಟರ್ ಬಳಸಿ, ತಪ್ಪಿದ ಪ್ರತಿಗಳನ್ನು ಅಲ್ಲೇ ಹರಿದುಹಾಕಿ.

ಮೂರನೆಯದು ಫೋನ್. ಪತ್ರಕರ್ತರು, ಶಾಲೆಯವರು, ಊರಿನ ಮುಖಂಡರು, ದೂರುದಾರರ ಸಂಬಂಧಿಕರು ಎಲ್ಲರೂ ಕರೆ ಮಾಡುತ್ತಾರೆ. ‘ಆ ಹುಡುಗ ನಿಮ್ಮಲ್ಲಿದ್ದಾನಾ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದರೂ ಅದು ಮಾಹಿತಿಯೇ. ‘ಯಾವ ಮಗುವಿನ ವಿಷಯವನ್ನೂ ಫೋನಿನಲ್ಲಿ ಹೇಳಲು ಅವಕಾಶವಿಲ್ಲ, ಲಿಖಿತವಾಗಿ ಅಧಿಕಾರಿಗೆ ಬರೆಯಿರಿ’ ಎಂಬ ಒಂದೇ ಉತ್ತರವನ್ನು ಎಲ್ಲರಿಗೂ, ಪ್ರತಿ ಬಾರಿಯೂ ಕೊಡಿ. ಮಾಹಿತಿ ಹಕ್ಕಿನ ಅರ್ಜಿ ಬಂದರೆ ಅದನ್ನು ಸ್ವೀಕರಿಸಿ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅಂದೇ ಮಂಡಿಸಿ, ಕೇಳಿದ ಅಂಕಿಅಂಶದೊಳಗೆ ಮಗುವಿನ ಗುರುತು ಸೇರಿಕೊಂಡಿದ್ದರೆ ಆ ಅಂಶವನ್ನು ಟಿಪ್ಪಣಿಯಲ್ಲಿ ಎತ್ತಿ ತೋರಿಸಿ. ನೊಂದವರು ತಮ್ಮ ಪ್ರಕರಣದ ದಾಖಲೆ ಕೇಳಿದಾಗ ಮಾತ್ರ ಕ್ರಮ ಬೇರೆ: ಅವರಿಗೆ ಅದನ್ನು ನಿರಾಕರಿಸಬಾರದೆಂದು ಕಲಂ 99ರಲ್ಲೇ ಇದೆ. ಅಂಥ ಅರ್ಜಿಯನ್ನು ಸಾಮಾನ್ಯ ಅರ್ಜಿಗಳ ಜೊತೆ ಸೇರಿಸಿ ‘ಗೌಪ್ಯ’ ಎಂದು ಹಿಂದಿರುಗಿಸಬೇಡಿ.

ಟಪಾಲಿನಲ್ಲಿ ಕಳುಹಿಸುವ ವರದಿಯನ್ನು ಮೊಹರು ಮಾಡಿದ ಲಕೋಟೆಯಲ್ಲಿಟ್ಟು ‘ಗೌಪ್ಯ’ ಎಂದು ಬರೆದು, ಹೊರಗೆ ರವಾನೆ ಸಂಖ್ಯೆ ಮಾತ್ರ ನಮೂದಿಸಿ. ಮಂಡಳಿಗೆ ಮುದ್ದಾಂ ಮೂಲಕ ಕಳುಹಿಸಿದ್ದಾದರೆ ಮುದ್ದಾಂ ವಹಿಯಲ್ಲಿ ಸ್ವೀಕೃತಿಯ ಸಹಿ ಮತ್ತು ಮೊಹರು ಪಡೆಯಿರಿ. ವರದಿ ಬಂದಿಲ್ಲ ಎಂಬ ಮಾತು ಕಲಾಪದಲ್ಲಿ ಎದ್ದಾಗ ಅಧಿಕಾರಿಯ ಕೈಯಲ್ಲಿರಬೇಕಾದದ್ದು ಆ ಸಹಿ.

ಆದೇಶವಾದ ನಂತರ

ವಿಚಾರಣೆ ಮುಗಿದ ಮೇಲೆ ಮಂಡಳಿ ಕಲಂ 18ರ ಅಡಿ ಬುದ್ಧಿ ಹೇಳಿ ಮನೆಗೆ ಕಳುಹಿಸಬಹುದು, ಗುಂಪು ಸಮಾಲೋಚನೆಗೆ ಅಥವಾ ಸಮುದಾಯ ಸೇವೆಗೆ ಸೂಚಿಸಬಹುದು, ಸನ್ನಡತೆಯ ಪರಿವೀಕ್ಷಣೆಯ ಮೇಲೆ ಪೋಷಕರಿಗೆ ಒಪ್ಪಿಸಬಹುದು, ವಿಶೇಷ ಗೃಹಕ್ಕೂ ಕಳುಹಿಸಬಹುದು. ಪರಿವೀಕ್ಷಣೆಯ ಅವಧಿ ಮೂರು ವರ್ಷ ಮೀರುವಂತಿಲ್ಲ. ಆದೇಶದ ಪ್ರತಿ ಬಂದೊಡನೆ ಅನುಸರಣೆಯ ವಹಿಯಲ್ಲಿ ಅವಧಿ ಆರಂಭವಾದ ದಿನ, ಮುಗಿಯುವ ದಿನ, ವರದಿ ಸಲ್ಲಿಸಬೇಕಾದ ದಿನಗಳನ್ನು ಬರೆದುಕೊಳ್ಳಿ. ವರದಿಗಳು ಆದೇಶ ಹೇಳಿದ ಅಂತರದಲ್ಲಿ ಹೋಗುತ್ತಿರಲಿ. ಅವಧಿ ಮುಗಿಯುವ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅಂದಿನ ನಂತರ ಆ ಮಗುವನ್ನು ಕಚೇರಿಗೆ ಕರೆಯಲು ಯಾರಿಗೂ ಅಧಿಕಾರವಿಲ್ಲ; ಐಟಿಐಗೋ ಕೆಲಸಕ್ಕೋ ಸೇರಿಕೊಂಡ ಹುಡುಗನಿಗೆ ಹಳೆಯ ಪಟ್ಟಿ ನೋಡಿ ಫೋನ್ ಮಾಡಿದರೆ ಅವನು ಹೊಸದಾಗಿ ಕಟ್ಟಿಕೊಂಡ ಬದುಕಿಗೆ ಪೆಟ್ಟು ಬೀಳುತ್ತದೆ.

ಪರಿವೀಕ್ಷಣಾಧಿಕಾರಿಗಳ ಸಂಖ್ಯೆ ಸಾಲದು ಎಂಬ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಸಂಪೂರ್ಣಾ ಬೆಹುರಾ ಪ್ರಕರಣದ 2018ರ ತೀರ್ಪಿನಲ್ಲಿ, ಎಷ್ಟು ಮಂದಿ ಪರಿವೀಕ್ಷಣಾಧಿಕಾರಿಗಳು ಬೇಕೆಂಬುದನ್ನು ಅಧ್ಯಯನ ಮಾಡಿ ಅದಕ್ಕೆ ತಕ್ಕಂತೆ ನೇಮಿಸಬೇಕೆಂದು ನ್ಯಾಯಾಲಯ ಹೇಳಿತು. ಒಬ್ಬರೇ ಅಧಿಕಾರಿ ಹಲವು ತಾಲ್ಲೂಕು ಸುತ್ತುವ ಕಡೆ ಅನುಸರಣಾ ಭೇಟಿಗಳೇ ಮೊದಲು ಬಿಟ್ಟುಹೋಗುತ್ತವೆ. ಪ್ರವಾಸದ ಪಟ್ಟಿ ತಯಾರಿಸುವಾಗ ಹೊಸ ಪ್ರಕರಣದ ಮನೆಭೇಟಿ ಇರುವ ಹೋಬಳಿಯಲ್ಲೇ ಅನುಸರಣೆ ಬಾಕಿ ಇರುವ ಮಕ್ಕಳ ಸಂಖ್ಯೆಗಳನ್ನೂ ಸೇರಿಸಿ ಕೊಡಿ.

ದಾಖಲೆಗಳ ಅಂತ್ಯ

ಪ್ರತಿ ಮಗುವಿಗೂ ಹೊಸ ಆರಂಭದ ಹಕ್ಕಿದೆ ಎಂಬ ತತ್ತ್ವ ಕೊನೆಗೆ ಜಾರಿಗೆ ಬರುವುದು ದಾಖಲೆಗಳ ಕೋಣೆಯಲ್ಲಿ. ಮಾದರಿ ನಿಯಮಗಳ ಪ್ರಕಾರ ಈ ದಾಖಲೆಗಳನ್ನು ಮೇಲ್ಮನವಿಯ ಅವಧಿ ಮುಗಿಯುವವರೆಗೆ ಅಥವಾ ಏಳು ವರ್ಷಗಳವರೆಗೆ ಸುರಕ್ಷಿತವಾಗಿಟ್ಟು, ಆಮೇಲೆ ನಾಶಪಡಿಸಬೇಕು. ಹದಿನಾರು ತುಂಬಿದವರನ್ನು ಮಕ್ಕಳ ನ್ಯಾಯಾಲಯ ವಯಸ್ಕರಂತೆ ವಿಚಾರಣೆ ಮಾಡಿ ತೀರ್ಮಾನಿಸಿದ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ನಾಶಪಡಿಸುವ ಆದೇಶ ಮಾಡಬೇಕಾದವರು ಬೇರೆ. ನೀವಾಗಿ ಕಡತದ ಯಾವ ಕಾಗದವನ್ನೂ ಹರಿಯಬಾರದು. ನಿಮ್ಮ ಕೆಲಸವೆಂದರೆ ಪ್ರತಿ ಜನವರಿಯಲ್ಲಿ ಅವಧಿ ತುಂಬಿದ ಕಡತಗಳ ಪಟ್ಟಿ ಮಾಡಿ, ಟಿಪ್ಪಣಿಯೊಂದಿಗೆ ಮಂಡಿಸುವುದು. ಕಾಗದ ನಾಶವಾದರೂ ಸ್ಕ್ಯಾನ್ ಪ್ರತಿ ಕಂಪ್ಯೂಟರಿನಲ್ಲಿ, ಹಳೆಯ ಪೆನ್‌ಡ್ರೈವ್‌ನಲ್ಲಿ, ಇ-ಮೇಲ್‌ನ ಕಳುಹಿಸಿದ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಪಟ್ಟಿಯಲ್ಲಿ ಅವುಗಳಿಗೂ ಒಂದು ಅಂಕಣ ಇರಲಿ.

ಹುದ್ದೆ ಗುತ್ತಿಗೆಯದ್ದಾದ್ದರಿಂದ ನೀವು ಒಂದು ದಿನ ಈ ಮೇಜು ಬಿಡಬೇಕಾಗಬಹುದು. ಬಿಡುವ ಮುನ್ನ ದಿನಾಂಕಗಳ ವಹಿ, ಅನುಸರಣೆಯ ವಹಿ, ಮುದ್ದಾಂ ವಹಿ ಮತ್ತು ಪೋರ್ಟಲ್‌ನ ಬಳಕೆದಾರರ ವಿವರಗಳನ್ನು ಪ್ರಭಾರ ಪಟ್ಟಿಯಲ್ಲಿ ಬರೆದು, ಹೊಸಬರು ಮತ್ತು ಅಧಿಕಾರಿ ಇಬ್ಬರ ಸಹಿ ಪಡೆದು ಹಸ್ತಾಂತರಿಸಿ. ಪಾಸ್‌ವರ್ಡ್‌ಗಳನ್ನು ಅಂದೇ ಬದಲಿಸಲು ಹೇಳಿ, ನಿಮ್ಮ ಸ್ವಂತ ಫೋನಿನಲ್ಲಿ ಉಳಿದಿರುವ ಪೋಷಕರ ಸಂಖ್ಯೆಗಳನ್ನೂ ಕಚೇರಿಯ ಫೋಟೊಗಳನ್ನೂ ಅಳಿಸಿ. ಮುಂದಿನ ಹದಿನೈದು ದಿನಗಳಲ್ಲಿ ಗಡುವು ತುಂಬುವ ಪ್ರಕರಣಗಳ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ದಿನಾಂಕದ ಕ್ರಮದಲ್ಲಿ ಬರೆದು, ಹೊಸಬರ ಜೊತೆ ಕೂತು ಒಂದೊಂದನ್ನೂ ಕಡತದೊಂದಿಗೆ ತಾಳೆ ನೋಡಿ ಒಪ್ಪಿಸಿ.